ಎರಡು ಮನೆಗೆ ಒಂದು ಕೊಳವೆಬಾವಿ

"ನಾಲ್ಕು ಗಂಟೆ ಹೊತ್ತು ನೀರು ಸುಮ್ನೆ ನೆಲಕ್ಕೆ ಬಿಡ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ?" ಎನ್ನುತ್ತ ಎಲಿಹಿಯೊ ಸಿಸ್ನೇರೋಸ್ ಪಂಪಿನ ಸ್ವಿಚ್ಚಿಗೆ ಅಡ್ಡ ನಿಂತುಬಿಟ್ಟರು. ಎಂಬತ್ತೊಂದು ವರ್ಷದ ಮುದುಕ. ಆದರೂ ಎರಡು ಕಾಲನ್ನೂ ಊರಿ ನಿಂತ ರೀತಿ ನೋಡಿದರೆ ಎತ್ತಿಯೇ ಸರಿಸಬೇಕು ಎಂಬಂತಿತ್ತು. ನೀರಿನ ಪರೀಕ್ಷೆಗೆಂದು ಪಟ್ಟಣದಿಂದ ಬಂದಿದ್ದ ಡ್ವೇಯ್ನ್ ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟು ಡೆಲ್ಫಿನಾಳ ಮುಖ ನೋಡಿದ.

"ನಾನು ಕೇಳಿದ್ದಲ್ಲ ತಾತ, ಸಾಲದ ನಿಯಮ," ಎಂದಳು ಡೆಲ್ಫಿನಾ. "ದುಡ್ಡು ಬ್ಯಾಂಕಿಂದು, ಜಾಮೀನು ಸರ್ಕಾರದ್ದು. ನಾನು ತಗೊಳ್ಳೋ ಮನೆಗೂ ನಿಮ್ಮ ಮನೆಗೂ ಇದೊಂದೇ ಬಾವಿ ತಾನೆ? ಎರಡಕ್ಕೂ ಸಾಕಾಗುತ್ತೆ ಅಂತ ನೀರು ಹರಿಸಿ ತೋರಿಸ್ಬೇಕು. ಆಮೇಲೆ ಇಬ್ರೂ ಹಂಚ್ಕೊಳ್ತೀವಿ ಅಂತ ನೀವು ಸಹಿ ಹಾಕ್ಬೇಕು."

"ಯಾಕೆ, ಸರ್ಕಾರಕ್ಕೆ ಬಾಯಾರಿಕೆಯಾ?"

"ಮೂವತ್ತು ವರ್ಷದ ಸಾಲ ತಾತ. ನಡುವೆ ನೀರು ನಿಂತುಹೋಗೋ ಮನೆಗೆ ಯಾರು ಜಾಮೀನು ನಿಲ್ತಾರೆ ಹೇಳಿ."

ಡೆಲ್ಫಿನಾ ಹದಿನಾಲ್ಕು ವರ್ಷಗಳಿಂದ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ವಾಸ ಇದ್ದದ್ದು ಅಣ್ಣನ ಹಿತ್ತಲಲ್ಲಿ ನಿಲ್ಲಿಸಿದ, ಗಾಲಿಗಳ ಮೇಲಿನ ಟ್ರೇಲರ್ ಮನೆಯಲ್ಲಿ. ಹುಟ್ಟಿದಾಗಿನಿಂದ ಗಾಲಿ ಇಲ್ಲದ ಮನೆಯಲ್ಲಿ ಮಲಗಿದವಳಲ್ಲ. ಬ್ಯಾಂಕಿನವರ ಒಪ್ಪಿಗೆಗೆ ಶುಕ್ರವಾರವೇ ಕೊನೆ. ಇವತ್ತು ಬುಧವಾರ.

ಎಲಿಹಿಯೊ ಕದಲಲಿಲ್ಲ. ಅವರ ಮಾತು ಮಾತ್ರ ಮೆತ್ತಗಾಯಿತು. "ಬತ್ತಿಹೋದ್ರೆ? ನೀನು ಇನ್ನೊಂದು ಮನೆ ನೋಡ್ಕೊಳ್ತೀಯ ಮಗಳೇ. ನಾನೂ ನನ್ನ ಹೆಂಡತೀನೂ ಎಲ್ಲಿಗೆ ಹೋಗೋಣ?" ಎಸ್ತಾನ್ಸಿಯಾ ಕಣಿವೆಯ ಆ ರಸ್ತೆಯಲ್ಲಿ ಹನ್ನೊಂದು ವರ್ಷಗಳಲ್ಲಿ ಐದು ಬಾವಿಗಳು ಬತ್ತಿದ್ದವು. ಆ ಮನೆಯವರು ಈಗ ಟ್ಯಾಂಕುಗಳಲ್ಲಿ ನೀರು ಹೊತ್ತು ತರುತ್ತಿದ್ದರು. ಮೊದಲ ಬಾವಿ ಬತ್ತಿದ ದಿನದಿಂದ ಎಲಿಹಿಯೊ ತಮ್ಮ ಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದ್ದಿಲ್ಲ. ತಟ್ಟೆ ತೊಳೆದ ನೀರು ಮೇಕೆಗೆ, ಮೈ ತೊಳೆದ ನೀರು ಮೆಣಸಿನ ಗಿಡಕ್ಕೆ. ಬಾವಿಯಲ್ಲಿ ಎಷ್ಟಿದೆ ಎಂದು ಅಳೆಯಲು ಬಂದವರನ್ನೆಲ್ಲ ಗೇಟಿನಿಂದಲೇ ವಾಪಸು ಕಳಿಸಿದ್ದರು. ತಿಳಿಯದೆ ಇರುವುದೇ ಅವರಿಗೆ ಧೈರ್ಯವಾಗಿತ್ತು.

ಡೆಲ್ಫಿನಾ ತಾನು ಕೊಳ್ಳಲಿದ್ದ ಮನೆಯೊಳಗಿಂದ ಒಂದು ಕುರ್ಚಿ ತಂದು ಸ್ವಿಚ್ಚಿನ ಪಕ್ಕ ಹಾಕಿದಳು. "ನೀವೇ ಇಲ್ಲಿ ಕೂತ್ಕೊಳ್ಳಿ. ಭಯ ಆದ ತಕ್ಷಣ ಆಫ್ ಮಾಡಿ. ಯಾಕೆ ಅಂತ ನಾನು ಕೇಳಲ್ಲ. ಮನೆ ಬೇಡ ಅಂತ ಹೇಳಿ ಹೋಗ್ತೀನಿ."

ಮುದುಕರು ಅವಳನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿ ಕೂತರು. ತಾವೇ ಸ್ವಿಚ್ ಹಾಕಿದರು.

ಪೈಪು ಎರಡು ಸಲ ಕೆಮ್ಮಿ, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ನೀರು ಸುರಿಸತೊಡಗಿತು. ಡ್ವೇಯ್ನ್ ಬಾವಿಯೊಳಗೆ ಅಳತೆಯ ಪಟ್ಟಿ ಇಳಿಬಿಟ್ಟ. ಅದರ ತುದಿ ನೀರಿಗೆ ತಾಗಿದರೆ ಕೀ ಎನ್ನುತ್ತಿತ್ತು. ಶುರುವಿನಲ್ಲಿ ನೀರು ಇದ್ದದ್ದು ನೂರ ನಲವತ್ತೆರಡು ಅಡಿ ಆಳದಲ್ಲಿ. ಅರ್ಧ ಗಂಟೆಗೆ ಏಳು ಅಡಿ ಇಳಿಯಿತು. ಎಲಿಹಿಯೊರ ಕೈ ಸ್ವಿಚ್ಚಿನ ಮೇಲೆ ಹೋಯಿತು. ಡೆಲ್ಫಿನಾ ಬೇರೆ ಕಡೆ ನೋಡಿದಳು. ಕೈ ಅಲ್ಲೇ ಉಳಿಯಿತು, ಒತ್ತಲಿಲ್ಲ. ಇನ್ನರ್ಧ ಗಂಟೆಗೆ ಮತ್ತೆರಡು ಅಡಿ ಇಳಿಯಿತು.

"ನೂರ ಐವತ್ತೊಂದು," ಎಂದ ಡ್ವೇಯ್ನ್. ಸ್ವಲ್ಪ ಹೊತ್ತು ಬಿಟ್ಟು, "ನೂರ ಐವತ್ತೊಂದು." ಇನ್ನೂ ಸ್ವಲ್ಪ ಹೊತ್ತಿಗೆ ಪಟ್ಟಿಯನ್ನು ಮೇಲೆಳೆದು, ಒರೆಸಿ, ಮತ್ತೆ ಬಿಟ್ಟು ನೋಡಿದ. "ಅಲ್ಲೇ ಇದೆ. ಒಂದು ಬೆರಳೂ ಇಳಿದಿಲ್ಲ. ಎಳೆದಷ್ಟೂ ಕೆಳಗಿಂದ ತುಂಬ್ತಿದೆ."

ನೀರು ಅಂಗಳ ದಾಟಿ, ಒಣ ಹುಲ್ಲಿನ ಬುಡ ಹಾದು, ಇಳಿಜಾರಿನ ಕೆಳಗಿದ್ದ ಬಿರುಕುಬಿಟ್ಟ ಹಳ್ಳಕ್ಕೆ ಧುಮುಕಿತು. ಎಲ್ಲಿದ್ದವೋ, ಹಕ್ಕಿಗಳು ಹಿಂಡಾಗಿ ಬಂದಿಳಿದವು. ಡೆಲ್ಫಿನಾ ಪೈಪಿನ ಬಾಯಿಗೆ ಅಂಗೈ ಒಡ್ಡಿದಳು. ಮೂಳೆ ನೋಯುವಷ್ಟು ತಣ್ಣಗಿತ್ತು. ಮೂರನೆಯ ಗಂಟೆ ಮುಗಿಯುವ ಹೊತ್ತಿಗೆ ಎಲಿಹಿಯೊ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು.

"ಎಲ್ಲಿಂದ ಬರ್ತಿದೆಯಪ್ಪಾ ಇದು?" ಎಂದು ಪಿಸುದನಿಯಲ್ಲಿ ಕೇಳಿದರು.

"ನಮ್ಮ ಕಾಲದ ಮಳೆಯಂತೂ ಅಲ್ಲ ತಾತ. ನಿಮ್ಮ ಮುತ್ತಾತನ ಮುತ್ತಾತ ಹುಟ್ಟೋಕೂ ಮೊದ್ಲು ಬೆಟ್ಟದ ಮೇಲೆ ಬಿದ್ದಿದ್ದ ಹಿಮ ಇರಬಹುದು," ಎಂದ ಡ್ವೇಯ್ನ್. ಅವನೂ ದನಿ ತಗ್ಗಿಸಿಯೇ ಹೇಳಿದ್ದ.

ಮುದುಕರು ನೀರನ್ನೇ ನೋಡುತ್ತ, ಡೆಲ್ಫಿನಾಳ ಕಡೆ ತಿರುಗದೆಯೇ, "ನಾಳೆ ನಿನ್ನ ಸ್ಕೂಲ್ ಬಸ್ಸಲ್ಲಿ ನನಗೂ ಒಂದು ಸೀಟು ಇಡು. ಪಟ್ಟಣಕ್ಕೆ ಹೋಗಿ ನೋಟರಿ ಮುಂದೆ ಸಹಿ ಹಾಕ್ತೀನಿ," ಎಂದರು.

"ಮಕ್ಕಳು ಗಲಾಟೆ ಮಾಡ್ತಾವೆ ತಾತ."

"ಮಾಡ್ಲಿ ಬಿಡು."

ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯಿತು. ಆಗಷ್ಟೇ ನಿದ್ದೆಯಿಂದೆದ್ದು, ನೀರಿನ ಸದ್ದು ಕೇಳಿ ಪೈಪು ಒಡೆಯಿತೆಂದು ಗಾಬರಿಯಿಂದ ಓಡಿಬಂದ ಎಲಿಹಿಯೊರ ಹೆಂಡತಿ ಒರ್ಟೆನ್ಸಿಯಾ ಅಂಗಳದಲ್ಲೇ ನಿಂತುಬಿಟ್ಟರು. ಹರಿಯುವ ನೀರು ನೋಡಿದರು. ಕುರ್ಚಿಯಲ್ಲಿ ಕೈಕಟ್ಟಿ ಕೂತ ಗಂಡನನ್ನು ನೋಡಿದರು. ಒಳಗೆ ಹೋಗಿ ಶಾಂಪೂ ಬಾಟಲಿ ಹಿಡಿದು ಬಂದರು. ಸ್ವೆಟರ್ ಕಳಚಿ, "ಹಿಡ್ಕೊ," ಎಂದು ಗಂಡನ ಮಡಿಲಿಗೆ ಹಾಕಿ, ಜಡೆ ಬಿಚ್ಚಿದರು. ಬೆಳ್ಳನೆಯ ಕೂದಲು ಸೊಂಟದವರೆಗೆ ಇಳಿಯಿತು. ಕಲ್ಲಿನ ಮೇಲೆ ಮೊಣಕಾಲೂರಿ ಪೈಪಿನ ಕೆಳಗೆ ತಲೆಯೊಡ್ಡಿದರು.

ಡ್ವೇಯ್ನ್ ಗಡಿಯಾರ ನೋಡಿ, "ನಾಲ್ಕು ಗಂಟೆ ಆಯ್ತು, ನಿಲ್ಲಿಸ್ಬಹುದು," ಎಂದು ಸ್ವಿಚ್ಚಿನ ಕಡೆ ಬಂದ. ಎಲಿಹಿಯೊ ಸ್ವೆಟರನ್ನು ಎದೆಗವಚಿಕೊಂಡು, ಹೆಂಡತಿಯ ಮೇಲಿಟ್ಟ ಕಣ್ಣು ಕೀಳದೆ, ಇನ್ನೊಂದು ಕೈಯಿಂದ ಅವನನ್ನು ತಡೆದರು.