ಹಳೆ ಬಟ್ಟೆಯ ಗಂಟು

ರುದ್ರವ್ವ ಕೋಣೆಯ ಬಾಗಿಲಿಗೆ ಅಗಳಿ ಹಾಕಿದಳು. ಆಮೇಲೆ ಆ ಸೀರೆಯನ್ನು ರಾಶಿಯಿಂದ ಮತ್ತೆ ಹೊರಗೆಳೆದಳು.

ಇಳಕಲ್ ಸೀರೆ. ಹಸಿರು ಒಡಲು, ಕೆಂಪು ಸೆರಗು. ಮಡಿಕೆ ಇನ್ನೂ ಮುರಿದಿರಲಿಲ್ಲ. ಮಡಿಕೆಯೊಳಗೆ ಹೊಲಿದಿಟ್ಟ ಖಣದ ಕುಪ್ಪಸ ಬೇರೆ. ಸುತ್ತಲೂ ಹರಕು ಧೋತರ, ಬಣ್ಣಗೆಟ್ಟ ಲಂಗ, ಗುಂಡಿ ಕಿತ್ತ ಅಂಗಿ. ಇಂಥ ರಾಶಿಯಲ್ಲಿ ಇಂಥ ಸೀರೆಗೆ ಏನು ಕೆಲಸ?

ಪವಾಯಿಯ ಕಲ್ಲುಗಣಿ ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ವಿಲೆ ಪಾರ್ಲೆಯ ಮಹಿಳಾ ಮಂಡಳದವರು ಚಾಳಿನಿಂದ ಚಾಳಿಗೆ ಅಲೆದು ಹಳೆ ಬಟ್ಟೆ ಎತ್ತಿದ್ದರು. ಅವನ್ನು ಆರಿಸಿ ಗಂಟು ಕಟ್ಟುವ ಕೆಲಸ ರುದ್ರವ್ವನಿಗೆ ಬಂದಿತ್ತು.

"ಒಬ್ಬಾಕಿನs ಮಾಡ್ತೀಯಲ್ಲ?" ಎಂದು ಅಧ್ಯಕ್ಷೆ ಅಂಬವ್ವ ಎಲ್ಲರೆದುರೇ ಕೀಲಿಕೈ ಕೊಟ್ಟಿದ್ದಳು. "ನಾಕ್ ಮಂದಿ ಕೂಡಿದ್ರ ಬರೇ ಮಾತs ಆಗ್ತಾವ. ನಿನ್ನ ಮ್ಯಾಲೆ ನನಗ ಪೂರಾ ನಂಬಿಗಿ ಐತಿ."

ನಂಬಿಗೆ! ಆ ಮಾತು ಈಗ ರುದ್ರವ್ವನ ಬೆನ್ನಿಗೆ ಚುಚ್ಚಿತು.

ಆದರೆ ಭಾನುವಾರ ದಾದರಿನಿಂದ ಗಂಡಿನ ಕಡೆಯವರು ಮಗಳು ವಿನೋದಿನಿಯನ್ನು ನೋಡಲು ಬರುವವರಿದ್ದರು. ಹಿಂದೆ ಬಂದವರು ಹುಡುಗಿಯ ಮುಖ ಬಿಟ್ಟು ಸೀರೆಯ ತೇಪೆಯನ್ನೇ ನೋಡಿ ಎದ್ದುಹೋಗಿದ್ದರು. ಫೋರ್ಟಿನ ವ್ಯಾಪಾರದ ಪೇಢಿ ಮುಚ್ಚಿ ಗಂಡ ಶೆಟ್ಟೆಪ್ಪನ ಗುಮಾಸ್ತಿಕೆ ಹೋದಮೇಲೆ ಮನೆಯ ಒಳ್ಳೆಯ ಸೀರೆಗಳೆಲ್ಲ ಒತ್ತೆಯಂಗಡಿ ಸೇರಿದ್ದವು. ಈ ಸಂಬಂಧವೂ ತಪ್ಪಿದರೆ ಮಗಳು ಮತ್ತೆ ಯಾರ ಮುಂದೂ ಕೂರುವುದಿಲ್ಲವೆಂದು ಹಟ ಹಿಡಿದಿದ್ದಳು.

ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ಕೇಳುವ ಜಾತಿಯವಳಲ್ಲ ರುದ್ರವ್ವ. ಅಂಬವ್ವನೇ ಒಮ್ಮೆ ಜೋಳದ ಚೀಲ ಹೊರಿಸಿಕೊಂಡು ಬಂದಿದ್ದಳು. "ನಾವಿನ್ನೂ ತಿರಕೊಂಡು ತಿನ್ನೂ ಮಟ್ಟಕ್ಕ ಬಂದಿಲ್ಲ" ಎಂದು ರುದ್ರವ್ವ ಹೊಸ್ತಿಲಿನಿಂದಲೇ ಅಟ್ಟಿದ್ದಳು. ಚಾಳಿಗೆಲ್ಲ ಕೇಳುವಂತೆ.

ಸೀರೆ ಬಿಚ್ಚಿದಾಗ ಕೈ ನಿಂತಿತು. ಸೆರಗಿನ ಮೂಲೆಯಲ್ಲಿ ಕುಂಕುಮದ ಬೊಟ್ಟು. ಹೆಣ್ಣುಮಗಳಿಗೆ ಉಡಿಸುವ ಹೊಸ ಸೀರೆಗೆ ಹಾಗೆ ಹಚ್ಚಿ ಕೊಡುತ್ತಾರೆ. ಅವಳೇ ಎಷ್ಟು ಮದುವೆಗಳಲ್ಲಿ ಹಚ್ಚಿರಲಿಲ್ಲ! ಯಾವಳೋ ತಾಯಿ ಮಗಳಿಗೆಂದು ತಂದದ್ದು. ಆ ಮಗಳು ಉಡುವ ಮೊದಲೇ ಕಣ್ಣು ಮುಚ್ಚಿದಳೋ ಏನೋ. ಸಂಕಟದಲ್ಲಿ ದಾನಕ್ಕೆ ಹಾಕಿದ್ದಾಳೆ. ಸುಟ್ಟುಕೊಂಡವರ ಪಾಲು ಅದು.

ರುದ್ರವ್ವ ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಸೀರೆಯನ್ನು ಕುಪ್ಪಸದ ಸಮೇತ ಹೊಟ್ಟೆಗೆ ಸುತ್ತಿ ಮೇಲೆ ಸೆರಗು ಹೊದ್ದಳು.

ಭಾನುವಾರ ಕುಪ್ಪಸವನ್ನು ಬಿಗಿ ಮಾಡಬೇಕಾಗಲಿಲ್ಲ, ಸಡಿಲ ಮಾಡಬೇಕಾಗಲಿಲ್ಲ. ವಿನೋದಿನಿಯ ಅಳತೆ ತೆಗೆದೇ ಹೊಲಿದಂತೆ ಕೂತಿತು. ಕಳ್ಳತನಕ್ಕೂ ಇಷ್ಟು ಅದೃಷ್ಟವೇ ಎಂದು ರುದ್ರವ್ವನಿಗೆ ಅಸಹ್ಯವಾಯಿತು.

"ಅವ್ವಾ, ಎಲ್ಲಿಂದ ಬಂತs ಇದು?"

"ಸುಮ್ನ ಉಟ್ಕೋ. ನೂರಾ ಎಂಟು ಕೇಳಬ್ಯಾಡ."

ಗಂಡಿನವರೊಂದಿಗೆ ಮಾತಾಡಲು ಹಿರಿಯಳೆಂದು ಅಂಬವ್ವನೂ ಬಂದು ಕೂತಿದ್ದಳು. ವಿನೋದಿನಿ ಮಂಡಳದಲ್ಲಿ ಅವಳ ಹತ್ತಿರವೇ ಹೊಲಿಗೆ ಕಲಿಯುತ್ತಿದ್ದ ಹುಡುಗಿ. ಶಿಷ್ಯೆ ಅವಲಕ್ಕಿಯ ತಟ್ಟೆ ಹಿಡಿದು ಬಂದಾಗ ಅಂಬವ್ವನ ಕಣ್ಣು ಸೆರಗಿನಿಂದ ಅಂಚಿನವರೆಗೆ ನಿಧಾನವಾಗಿ ಇಳಿಯಿತು.

"ಸೀರಿ ಭಾರೀ ಒಪ್ಪೇತಿ. ಯಾರ ಕೊಡಿಸಿದ್ರು?"

"ನನ್ನ ತಮ್ಮ, ಅಕ್ಕಾರ. ಊರಿಂದ ಕಳಿಸ್ಯಾನ." ರುದ್ರವ್ವ ಅವಲಕ್ಕಿಯ ತಟ್ಟೆಯನ್ನು ಗಂಡಿನವರತ್ತ ಸರಿಸಿದಳು.

"ಚಲೋ ತಮ್ಮ ಬಿಡು, ನಿನ್ನ ಪುಣ್ಯ." ಅಂಬವ್ವ ನಗಲಿಲ್ಲ. "ಶನಿವಾರ ಬಟ್ಟಿ ಹಂಚೂದೈತಿ. ತಪ್ಪಿಸಬ್ಯಾಡ. ನಿನ್ನ ಕೂಡ ಸ್ವಲ್ಪ ಮಾತೈತಿ."

ಗಂಡಿನವರು ಅಲ್ಲಿಯೇ ಒಪ್ಪಿದರು. ಮನೆಯವರೆಲ್ಲ ಸಕ್ಕರೆ ತಿಂದರು. ರುದ್ರವ್ವನ ಬಾಯಿಗೆ ಅದು ಮಣ್ಣಾಯಿತು. ಅಂಬವ್ವನ ಮಾತೇನಿರಬಹುದು? ಇವಳು ನೋಡಿಯೇ ಬಿಟ್ಟಿದ್ದಾಳೆ. ಎಲ್ಲ ಹೆಂಗಸರ ಎದುರು ಸೆರಗು ಹಿಡಿದು ಕೇಳುತ್ತಾಳೆ. ಸುದ್ದಿ ದಾದರಿಗೆ ಮುಟ್ಟಲು ಎಷ್ಟು ಹೊತ್ತು? ಕಳ್ಳಿಯ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ?

ನಲ್ಲಿಯಡಿ ಕೂತು ಸೆರಗಿನ ಮೂಲೆಯನ್ನು ತಿಕ್ಕಿದಳು. ಕುಂಕುಮ ಹೋಗಲಿಲ್ಲ. ನಸುಗೆಂಪಾಗಿ ಹರಡಿ ಇನ್ನಷ್ಟು ಎದ್ದು ಕಂಡಿತು.

ಶನಿವಾರ ಎಲ್ಲರಿಗಿಂತ ಮೊದಲು ಹೋದಳು. ಕೈಚೀಲದಲ್ಲಿ ಸೀರೆ. ಗಂಟಿನೊಳಗೆ ತೂರಿಸಿಬಿಟ್ಟರೆ ಮುಗಿಯಿತು. ಗಂಟು ಬಿಚ್ಚಿ ಕೈ ಹಾಕಿದ್ದೇ ತಡ, ಹಿಂದೆ ಬಳೆ ಸದ್ದಾಯಿತು.

ಅಂಬವ್ವ.

"ಏನ ನಡದೈತಿ, ರುದ್ರವ್ವಾ?"

ಸುಳ್ಳು ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ. "ನಾನs ಕದ್ದೀನಿ, ಅಕ್ಕಾರ. ನನ್ನ ತಮ್ಮ ಏನೂ ಕಳಿಸಿಲ್ಲ. ಸುಟ್ಟುಕೊಂಡವರ ಅರಿವಿ ಕದ್ದು ಮಗಳಿಗೆ ಉಡಿಸೀನಿ. ನನಗ ಏನ್ ಬೇಕಾದ್ದು ಅನ್ರಿ. ದಾದರಿನವರಿಗೆ ಮಾತ್ರ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಅಂಬವ್ವ ಅವಳನ್ನು ಬಗ್ಗಲು ಬಿಡಲಿಲ್ಲ. ಸೀರೆಯನ್ನು ಕೈಗೆ ತೆಗೆದುಕೊಂಡು ಸೆರಗಿನ ಮೂಲೆ ಹುಡುಕಿದಳು. ಆ ಕಲೆಯ ಮೇಲೆ ಹೆಬ್ಬೆರಳಾಡಿಸಿದಳು.

"ತಿಕ್ಕಿ ತಿಕ್ಕಿ ಕೆಡಿಸಿ ಇಟ್ಟೀಯಲ್ಲ. ನಿಶ್ಚಯಕ್ಕೂ ಹುಡುಗಿ ಇದನ್ನ ಉಡಬೇಕಲ್ಲ? ಅದನ್ನs ಹೇಳೋಣಂತ ಕರದಿದ್ದೆ."

ರುದ್ರವ್ವನಿಗೆ ಏನೂ ತಿಳಿಯಲಿಲ್ಲ. "ಅಕ್ಕಾರ..."

"ಜ್ವಾಳ ಕೈಯಾಗ ಕೊಡಾಕ ಬಂದಾಗ ಏನ್ ಮಾಡಿದಿ, ನೆನಪೈತೇನು?"

"ಹೊಸ್ತಿಲದಿಂದs ಅಟ್ಟಿದ್ನಿ, ಅಕ್ಕಾರ."

ಅಂಬವ್ವ ಸೀರೆ ಮಡಿಚಿ ಮತ್ತೆ ಅವಳ ಚೀಲಕ್ಕೆ ಹಾಕಿದಳು.

"ಹಳೀ ಬಟ್ಟಿಗೆ ಯಾರರ ಕುಂಕುಮ ಹಚ್ಚತಾರೇನs, ಹುಚ್ಚಿ?"