ಏಕಾದಶಿಯ ಮಫಿನ್

ಓವನ್ನಿನ ಬಾಗಿಲು ತೆರೆದದ್ದೇ ತಡ, ಶ್ರೀರಂಜಿನಿ ನಿಂತಲ್ಲೇ ಕುಣಿದಳು. ಅಕ್ಕಿಯಿಲ್ಲ, ಗೋಧಿಯಿಲ್ಲ, ಮೊಟ್ಟೆಯಿಲ್ಲ. ಆದರೂ ಕ್ಯಾರೆಟ್ ಮಫಿನ್‌ಗಳು ಉಬ್ಬಿ ತಲೆಯೆತ್ತಿ ನಿಂತಿದ್ದವು! ಅವು ತಣಿಯುವುದನ್ನೇ ಕಾದು, ಉಪ್ಪಳ ಪೇಟೆಯಿಂದ ತಂದ ಬೆಣ್ಣೆಹಣ್ಣಿಗೆ ಕೊಕ್ಕೋ, ಜೇನು ಬೆರೆಸಿ ಕಡೆದ ಕಪ್ಪು ಕೆನೆಯನ್ನು ಮೇಲೆ ಬಳಿದು, ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು.

“ಇವತ್ತು ಏಕಾದಶಿ. ನಾನು ಧಾನ್ಯ ಮುಟ್ಟುದಿಲ್ಲ,” ಎಂದರು ವೆಂಕಟಲಕ್ಷ್ಮಿ, ತಟ್ಟೆಯತ್ತ ನೋಡದೆಯೇ. ಸೊಸೆ ಮದುವೆಯಾಗಿ ಬಂದಂದಿನಿಂದ ಅವಳ ಗೋಧಿ ಕೇಕನ್ನು ಅವರು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ಪ್ರತಿ ಸಲವೂ ಏನಾದರೊಂದು ನೆವ. ಏಕಾದಶಿಯ ಈ ನೆವಕ್ಕೇ ಶ್ರೀರಂಜಿನಿ ಹೊಂಚು ಹಾಕಿ ಕೂತಿದ್ದಳು.

“ಧಾನ್ಯ ಒಂದು ಚಿಟಿಕೆಯೂ ಇಲ್ಲ ಅತ್ತೆ! ಬರೀ ಗೇರುಬೀಜದ ಹುಡಿ, ಕ್ಯಾರೆಟ್, ಮೊಸರು.”

“ಮೇಲೆ ಕಪ್ಪು ಉಂಟಲ್ಲ, ಅದೆಂತದ್ದು?”

“ಬೆಣ್ಣೆಹಣ್ಣು. ಅದಕ್ಕೆ ನೀವೇ ಒಣಗಿಸಿಟ್ಟ ಕೊಕ್ಕೋ ಬೀಜ ಹುರಿದು ಹುಡಿ ಮಾಡಿ ಹಾಕಿದ್ದು.”

ವೆಂಕಟಲಕ್ಷ್ಮಿ ಬೆರಳ ತುದಿಯಲ್ಲಿ ಚೂರು ಕೆನೆ ತೆಗೆದು ನಾಲಗೆಗೆ ಮುಟ್ಟಿಸಿದರು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಬೆರಳು ಮತ್ತೆ ತಟ್ಟೆಗೆ ಬಂತು. ಈ ಸಲ ಇಡೀ ಕೈಯೇ ಬಂತು. ಶ್ರೀರಂಜಿನಿ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಒಂದು ಮಫಿನ್ ಪೂರ್ತಿ ಮುಗಿಯಿತು. ಅತ್ತೆ ತುಟಿಯ ಮೇಲಿನ ಕಪ್ಪನ್ನು ಸೆರಗಿನಿಂದ ಒರೆಸಿಕೊಂಡು, ಗೋಡೆಯ ಪಂಚಾಂಗದತ್ತ ಕಣ್ಣು ಹಾಯಿಸಿದರು.

“ನಾಳೆ ದ್ವಾದಶಿ ಅಲ್ವಾ? ನಿನ್ನ ಆ ಗೋಧಿ ಕೇಕು ಸಹ ಒಂದು ಮಾಡು ಮಾರಾಯ್ತಿ.”