ದಕ್ಷಿಣದ ಗೋಡೆ

ಹಾಲಮ್ಮ ರಿಮೋಟನ್ನು ಟೀವಿಯ ಕಡೆಗೆ ಚಾಚಿ ಬಲವಾಗಿ ಒತ್ತಿದರು. ಸುದ್ದಿ ಓದುವವನು ಕದಲಲಿಲ್ಲ.

"ನೋಡಪ್ಪ, ಹಿಂಗೆ. ನಮ್ಮನೆಯವರು ಹೋದಾಗಿಂದ ಇವನ ಕೂಗಾಟ ಕೇಳ್ತಾ ಕೂತಿದೀನಿ. ಇಲ್ಲೇ ಶಿವಮೊಗ್ಗದ ರಿಪೇರಿಯವರು ನಾಳೆ ನಾಳೆ ಅಂತಾನೇ ಇದ್ರು. ಭದ್ರಾವತಿಯಿಂದ ನೀನಾದ್ರೂ ಬಂದ್ಯಲ್ಲ. ಇವತ್ತು ಕಬಡ್ಡಿ ಫೈನಲ್ಲು."

ಮೆಕ್ಯಾನಿಕ್ ಮಲ್ಲಿಕ್ ಬ್ಯಾಗು ಇಳಿಸುತ್ತಾ ನಕ್ಕ. "ಅಜ್ಜಿಗೆ ಕಬಡ್ಡಿನಾ?"

"ಯಾಕೆ, ನಾನು ಆಡ್ತೀನಿ ಅಂದ್ನಾ? ನೋಡ್ತೀನಿ ಅಂದೆ."

ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್‌ನಂಥ ಟೀವಿಯ ಪೆಟ್ಟಿಗೆಗಳೆಲ್ಲ ಕೆಳಗಿನ ಮರದ ಕಪಾಟಿನೊಳಗಿದ್ದವು. ಒಂದು ವೈರೂ ಕಣ್ಣಿಗೆ ಬೀಳಬಾರದೆಂದು ಹಾಲಮ್ಮನ ಗಂಡ ರಾಮಚಂದ್ರಪ್ಪನವರು ಹಾಗೆ ಮಾಡಿಸಿದ್ದರು. ಅವರು ಇದ್ದಷ್ಟು ದಿನ ರಿಮೋಟ್ ಅವರ ಕೈಯಲ್ಲೇ ಇತ್ತು. ಕಪಾಟಿನ ಬಾಗಿಲು ಮುಚ್ಚಿದ್ದರೂ ಕೆಲಸ ಮಾಡುತ್ತಿತ್ತು. ಅವರು ತೀರಿಕೊಂಡ ಮೇಲೆ ಚಾನೆಲ್ ಬದಲಿಸಬೇಕಾದರೆ ಸೊಸೆ ಸುಪ್ರಿಯಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಪಾಟಿನ ಮೂಲೆಯವರೆಗೆ ಕೈ ತೂರಿಸಿ ಪೆಟ್ಟಿಗೆಯ ಗುಂಡಿ ಒತ್ತಬೇಕಾಗಿತ್ತು; ಬಾಗಿಲು ತೆರೆದರೂ ಮೂಲೆಯಲ್ಲಿ ಮರೆಯಾಗಿದ್ದ ಪೆಟ್ಟಿಗೆಗೆ ರಿಮೋಟ್ ತಾಕುತ್ತಿರಲಿಲ್ಲ. ಅವಳು ಪಾಠ ಮಾಡಲು ಶಾಲೆಗೆ ಹೊರಟಳೆಂದರೆ ಮುಗಿಯಿತು. ಹಾಲಮ್ಮನ ಮಂಡಿ ಮಡಿಚುತ್ತಿರಲಿಲ್ಲ.

ಮಲ್ಲಿಕ್ ಮೊಬೈಲಿನ ಕ್ಯಾಮೆರಾ ತೆರೆದು, ಅದರ ಮುಂದೆ ರಿಮೋಟ್ ಹಿಡಿದು ಒತ್ತಿದ. ಮೊಬೈಲಿನಲ್ಲಿ ತೆಳು ನೇರಳೆ ಬೆಳಕು ಮಿಣುಕಿತು.

"ರಿಮೋಟ್ ಚೆನ್ನಾಗಿದೆ. ಈ ಬೆಳಕು ನಮಗೆ ಕಾಣಲ್ಲ, ಮರ ದಾಟಿ ಹೋಗೋದೂ ಇಲ್ಲ. ಅದಕ್ಕೇ ಹೊರಗಡೆ ಒಂದು ಕಣ್ಣು ಇಟ್ಟಿರ್ತಾರೆ. ಅದು ನೋಡಿ, ವೈರಲ್ಲಿ ಒಳಗಿನ ಪೆಟ್ಟಿಗೆಗೆ ಹೇಳುತ್ತೆ. ಎಲ್ಲಿದೆ ಅಕ್ಕ ಆ ಕಣ್ಣು?"

"ಅಂಥದ್ದೊಂದಿದೆ ಅಂತಾನೇ ನಮಗೆ ಗೊತ್ತಿಲ್ಲ," ಎಂದಳು ಸುಪ್ರಿಯಾ. "ಎಲ್ಲಾ ಮಾವನೇ ಮಾಡಿಸಿದ್ದು."

ಮಲ್ಲಿಕ್ ಕಪಾಟಿನೊಳಗೆ ತಲೆ ಹಾಕಿ ವೈರಿನ ಜಾಡು ಹಿಡಿದ. ಅದು ಗೋಡೆಯೊಳಗೆ ಹೊಕ್ಕು ಟೀವಿಯ ಮೇಲಕ್ಕೆ ಹೋಗಿತ್ತು. ಅಲ್ಲಿ, ಗಂಧದ ಹಾರ ಹಾಕಿಕೊಂಡು, ರಾಮಚಂದ್ರಪ್ಪನವರ ದೊಡ್ಡ ಫೋಟೋ ಇತ್ತು. ಅವನು ಸ್ಟೂಲ್ ಹತ್ತಿ, ಫೋಟೋಗೊಮ್ಮೆ ಕೈಮುಗಿದು, ಅದರ ಕೆಳತುದಿಯನ್ನು ಎತ್ತಿ ಹಿಡಿದ. ಹಿಂದೆ ಗೋಡೆಯಲ್ಲಿ ಮೆಣಸಿನಕಾಳಿನಷ್ಟು ಕಪ್ಪು ಕಣ್ಣು.

"ಈಗ ಒತ್ತಿ ಅಜ್ಜಿ."

ಸುದ್ದಿ ಹೋಗಿ ಸೋಪಿನ ಜಾಹೀರಾತು ಬಂತು. ಮಲ್ಲಿಕ್ ಫೋಟೋ ಬಿಟ್ಟ. ಹಾಲಮ್ಮ ಮತ್ತೆ ಒತ್ತಿದರು. ಸೋಪು ಅಲ್ಲೇ ನಿಂತಿತು.

"ಯಜಮಾನ್ರು ಅಡ್ಡ ನಿಂತಿದಾರೆ," ಎಂದವನು ನಾಲಿಗೆ ಕಚ್ಚಿಕೊಂಡ.

ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಇದ್ದಾಗಲೂ ಹಂಗೇ ಮಾರಾಯ!"

ಸುಪ್ರಿಯಾ ನಗಲಿಲ್ಲ. ತೀರಿಕೊಂಡವರ ಫೋಟೋ ದಕ್ಷಿಣದ ಗೋಡೆಗೇ ಇರಬೇಕೆಂದು ಪುರೋಹಿತರು ಹೇಳಿದ್ದರು. ಹಾಲ್‌ನ ದಕ್ಷಿಣದ ಗೋಡೆಯಲ್ಲಿ ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಬಾಗಿಲು. ಉಳಿದಿದ್ದ ಜಾಗ ಟೀವಿಯ ಮೇಲಿನದೊಂದೇ.

"ಆ ಕಣ್ಣನ್ನೇ ಪಕ್ಕಕ್ಕೆ ಇಡಕ್ಕಾಗಲ್ವಾ?"

"ಗೋಡೆ ಕೊರೀಬೇಕಕ್ಕ, ಡ್ರಿಲ್ ತಂದಿಲ್ಲ. ಸೋಮವಾರ ಬರ್ತೀನಿ."

"ಸೋಮವಾರ ಯಾರು ಆಡ್ತಾರೆ, ನೀನಾ?" ಎಂದರು ಹಾಲಮ್ಮ.

"ಅತ್ತೆ, ಇವತ್ತು ನಾನೇ ಹಾಕ್ಕೊಡ್ತೀನಿ ಬಿಡಿ."

"ನೀನು ಹಾಕ್ಕೊಡ್ತೀಯ, ಇಲ್ಲ ಅಂದೋರ್ಯಾರು? ನಲವತ್ತು ವರ್ಷ ಅವರು ಹಾಕ್ಕೊಟ್ಟಿದ್ದು ನೋಡಿದೆ. ಒಂದ್ಸಲ ನಾನೇ ಒತ್ತಬೇಕು ಕಣೆ."

ಸುಪ್ರಿಯಾ ಅತ್ತೆಯ ಮುಖ ನೋಡಿದಳು. ನಗು ಇನ್ನೂ ಅಲ್ಲೇ ಇತ್ತು. ಕೈ ಮಾತ್ರ ರಿಮೋಟನ್ನು ಬಿಗಿಯಾಗಿ ಹಿಡಿದಿತ್ತು.

"ಹಾಗಾದ್ರೆ ಮಾವನ್ನ ಎಲ್ಲಿಡೋದು?"

"ಅಡುಗೆಮನೆಗೆ ದಕ್ಷಿಣದ ಗೋಡೆ ಇಲ್ವಾ?"

"ಅಡುಗೆಮನೆಗಾ! ಒಂದು ಲೋಟ ನೀರಿಗಾದ್ರೂ ಅವರು ಆ ಹೊಸ್ತಿಲು ದಾಟಿದ್ರಾ ಅತ್ತೆ?"

"ಈಗ ದಾಟ್ಲಿ. ನಿನ್ನ ಗಂಡ ಕೇಳಿದ್ರೆ ನನ್ನ ಹೆಸರು ಹೇಳು."

ಮಲ್ಲಿಕ್ ಮೊಳೆ ಹೊಡೆದುಕೊಟ್ಟು ಹೋದ. ಸಾಂಬಾರಪುಡಿ, ಬೇಳೆಯ ಡಬ್ಬಿಗಳ ಸಾಲಿನ ಮೇಲೆ, ಹಾರ ಸಮೇತ, ರಾಮಚಂದ್ರಪ್ಪನವರು ಗ್ಯಾಸ್ ಒಲೆಯನ್ನೇ ನೋಡುತ್ತಾ ನಿಂತರು.

ಸಂಜೆ ಹಾಲಮ್ಮ ದಿವಾನದ ಮೇಲೆ ಕಾಲು ಚಾಚಿ, ದಿಂಬಿಗೊರಗಿ, ರಿಮೋಟ್ ಒತ್ತಿದರು. ಕಬಡ್ಡಿ ಬಂತು. ಸುಪ್ರಿಯಾ ಕೆಳಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಆಟಗಾರನೊಬ್ಬ ಮೈಮೇಲೆ ಬಿದ್ದ ಮೂವರನ್ನೂ ಎಳೆದುಕೊಂಡು ಬಂದು ಗೆರೆ ಮುಟ್ಟಿದ. ಹಾಲಮ್ಮ ಸೌಂಡು ಏರಿಸಿ, ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು.

"ಜೋರಾಯ್ತೇನ್ರೀ?"

ಸ್ವಲ್ಪ ಹೊತ್ತು ಕಾದರು. ಆಮೇಲೆ ಇನ್ನೊಂದಿಷ್ಟು ಏರಿಸಿದರು.